ವಾಲಿ ನಮ್ಮ ಜಗುಲಿಗೆ ಬಂದಿದ್ದ: ಕೊಪ್ಪದ ಮನೆಗೆ ತಾಳಮದ್ದಳೆ ಕರೆಸಿದ್ದು

ದುಡ್ಡು ದಂಡವಾಗಲಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಮನೆಯ ಸಮಾರಂಭಕ್ಕೆ ಆರ್ಕೆಸ್ಟ್ರಾ ಕರೆಸುವುದೋ ತಾಳಮದ್ದಳೆಯೋ ಎಂದು ಯೋಚಿಸುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಗುಣವನ್ನಷ್ಟೇ ಹೇಳುವುದಿಲ್ಲ. ರಾಮನ ಅರ್ಥ, ಅಂದರೆ ಆ ಪಾತ್ರದ ಮಾತು, ಹೇಳಿದವರ ಮೇಲೆ ನನ್ನದೊಂದು ತಕರಾರಿದೆ, ಹೊತ್ತಿನ ವಿಷಯದಲ್ಲಿ ಇನ್ನೊಂದು.

ನನ್ನ ತವರು ಹೊಳೆನರಸೀಪುರದ ಹತ್ತಿರ. ನಮ್ಮ ಹಾಸನದ ಕಡೆ ಕಥೆ ಕೇಳುವುದೆಂದರೆ ಹರಿಕಥೆ. ರಾಮನವಮಿಗೆ ಪಾನಕ ಕುಡಿದು ಪೆಂಡಾಲಿನಲ್ಲಿ ಕೂತರೆ ದಾಸರು ಒಬ್ಬರೇ ರಾಮನೂ ಆಗುತ್ತಿದ್ದರು, ಮಂಥರೆಯೂ ಆಗುತ್ತಿದ್ದರು, ನಡುವೆ ಪಾತ್ರ ಬಿಟ್ಟು ಹೊರಬಂದು ಮುಂದಿನ ಸಾಲಿನ ಗೌಡರನ್ನೊಮ್ಮೆ ಛೇಡಿಸಿ ಮತ್ತೆ ಅಯೋಧ್ಯೆಗೆ ಹೋಗುತ್ತಿದ್ದರು. ಮದುವೆಯಾಗಿ ಚಿಕ್ಕಮಗಳೂರು ಜಿಲ್ಲೆಯ ಕೊಪ್ಪಕ್ಕೆ ಬಂದ ಮೇಲೆ ತಾಳಮದ್ದಳೆ ಎಂಬ ಹೆಸರು ಕಿವಿಗೆ ಬೀಳುತ್ತಲೇ ಇತ್ತು. ಯಕ್ಷಗಾನದ ಹಾಗೆ ವೇಷವಿಲ್ಲ, ಕುಣಿತವಿಲ್ಲ, ಬಿಳಿ ಪಂಚೆಯ ಗಂಡಸರು ಎದುರುಬದುರು ಕೂತು ಮಾತಾಡುತ್ತಾರೆ ಎಂದು ಕೇಳಿದಾಗ ನನಗೆ ಅದು ಪಂಚಾಯ್ತಿ ಸಭೆಯ ಹಾಗೆ ಕಂಡಿತ್ತು.

ಮಾವನವರಿಗೆ ಎಪ್ಪತ್ತರ ಭೀಮರಥ ಶಾಂತಿ. ಶ್ರಾವಣದ ಮಳೆ. ಬೆಳಿಗ್ಗೆ ಹೋಮ, ಮಧ್ಯಾಹ್ನ ಊಟ, ಸಂಜೆಗೆ ಏನು ಎಂಬ ಪ್ರಶ್ನೆ ಬಂದಾಗ ಅವರು ಬೇರೇನನ್ನೂ ಕೇಳಲಿಲ್ಲ. ಅವರ ಹತ್ತಿರ ತಾಳಮದ್ದಳೆಯಲ್ಲಿ ಹೆಸರಾದ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥದ ಹಳೆಯ ಕ್ಯಾಸೆಟ್ಟುಗಳ ಒಂದು ಡಬ್ಬಿಯಿದೆ. ಟೇಪ್ ರೆಕಾರ್ಡರ್ ಕೆಟ್ಟು ವರ್ಷಗಳಾದರೂ ಅದನ್ನು ಬಿಸಾಡಲು ಬಿಟ್ಟಿಲ್ಲ. "ಕೂತು ಮಾತಾಡೋದಕ್ಕೆ ಇಷ್ಟು ದುಡ್ಡಾ ಮಾವ?" ಎಂದೆ. "ಎಂತ ಮಾರಾಯ್ತಿ, ಬಳ್ಳಾರಿ ಸೀಮೆಯ ಕುರುಗೋಡಿನ ಕಡೆ 1556ರ ಶಾಸನ ಉಂಟು, ತಾಳಮದ್ದಳೆಯವರಿಗೆ ಜಮೀನೇ ಬಿಟ್ಟುಕೊಟ್ಟಿದ್ದಾರೆ. ನೀನು ಜೀಪಿನ ಬಾಡಿಗೆಗೆ ಗೊಣಗ್ತೀಯಲ್ಲ" ಎಂದರು. ಹರಿಕಥೆಯ ಮಾತೆತ್ತಿದೆ. ಶೇಣಿಯವರು ಹರಿಕಥೆಯನ್ನೂ ಮಾಡುತ್ತಿದ್ದರು ಎಂದು ಅದನ್ನೂ ಅಲ್ಲಿಗೇ ಮುಗಿಸಿದರು.

ತಂಡಕ್ಕೆ ಹೆಸರಿಲ್ಲ, ಬೋರ್ಡಿಲ್ಲ. ಪದ್ಯ ಹಾಡಿ ಕೂಟ ನಡೆಸುವ ಒಬ್ಬ ಭಾಗವತರಿದ್ದಾರೆ, ಅವರಿಗೆ ಫೋನ್ ಮಾಡಬೇಕು. ದಿನ ಯಾವುದು, ಪ್ರಸಂಗ (ಆಡುವ ಕಥೆ) ಯಾವುದು ಎಂದು ಕೇಳಿಕೊಂಡು ಅವರೇ ಜನ ಹೊಂದಿಸುತ್ತಾರೆ. ನಮ್ಮಲ್ಲಿಗೆ ಬಂದವರಲ್ಲಿ ವಾಲಿ ಮಾಡಿದವರು ಶೃಂಗೇರಿ ಕಡೆಯ ಅಡಿಕೆ ಬೆಳೆಗಾರರು, ತಾರೆ ಮಾಡಿದವರು ಹೈಸ್ಕೂಲು ಮೇಷ್ಟ್ರು, ಮದ್ದಳೆಯವರದು ಬಾಳೆಹೊನ್ನೂರಿನಲ್ಲಿ ಸಣ್ಣ ಅಂಗಡಿ. ಮಳೆಗಾಲದಲ್ಲಿ ಯಕ್ಷಗಾನ ಮೇಳಗಳ ಆಟ ನಿಂತಿರುತ್ತದೆ. ಹಾಗಾಗಿ ಹಾಡು, ಮದ್ದಳೆ, ಚಂಡೆಯ ಹಿಮ್ಮೇಳದವರು ಆಗಲೇ ಸುಲಭವಾಗಿ ಸಿಗುವುದು, ತಾಳಮದ್ದಳೆಗಳು ಹೆಚ್ಚು ನಡೆಯುವುದೂ ಆಗಲೇ. ಯಾರ ಹೆಸರನ್ನೂ ಇಲ್ಲಿ ಹಾಕುತ್ತಿಲ್ಲ, ಅವರೇ ಬೇಡವೆಂದರು. ಕೊಪ್ಪ, ಜಯಪುರ, ಹರಿಹರಪುರದ ಕಡೆ ಯಾವ ದೇವಸ್ಥಾನದ ಭಟ್ಟರನ್ನು ಕೇಳಿದರೂ ಇಂಥ ಭಾಗವತರೊಬ್ಬರ ನಂಬರ್ ಸಿಗುತ್ತದೆ.

ಪ್ರಸಂಗ ಆರಿಸುವುದಕ್ಕೆ ಒಂದು ವಾರ ಹಿಡಿಯಿತು. ನಮ್ಮವರಿಗೆ ಜೈಮಿನಿ ಭಾರತದ ಸುಧನ್ವನ ಕಥೆ ಬೇಕಿತ್ತು. ಅದನ್ನು ಕನ್ನಡಕ್ಕೆ ತಂದ ಲಕ್ಷ್ಮೀಶ ನಮ್ಮ ಜಿಲ್ಲೆಯದೇ ದೇವನೂರಿನವನು, ಕಡೂರು ತಾಲ್ಲೂಕು ಎಂಬ ಅಭಿಮಾನ. ಮಾವನವರದು ವಾಲಿಯೇ ಆಗಬೇಕೆಂಬ ಹಟ. ಎಪ್ಪತ್ತರ ಶಾಂತಿಯ ದಿನ ಸಾವಿನ ಪ್ರಸಂಗವೇ ಎಂದು ಅತ್ತೆ ಮುಖ ಸಿಂಡರಿಸಿದರು. ಭಾಗವತರು ಫೋನಿನಲ್ಲೇ ಸಮಾಧಾನ ಮಾಡಿದರು: "ಕಾರ್ಡಿನಲ್ಲಿ ವಾಲಿಮೋಕ್ಷ ಅಂತ ಹಾಕಿಸಿ ಅಮ್ಮ, ಎಲ್ಲರೂ ಹಾಗೇ ಹಾಕಿಸೋದು."

ಭಾಗವತರು ಕೇಳಿದ ಮೊದಲ ಪ್ರಶ್ನೆ ದುಡ್ಡಿನದಲ್ಲ. ಎಲ್ಲಿ ಕೂರಿಸುತ್ತೀರಿ ಎಂದರು. ಅಂಗಳದಲ್ಲಿ ತಗಡಿನ ಚಪ್ಪರ ಹಾಕಿಸಿದ್ದೇವೆ ಎಂದಾಗ ಬೇಡವೇ ಬೇಡ ಎಂದರು. ತಗಡಿನ ಮೇಲೆ ಮಲೆನಾಡಿನ ಮಳೆ ಬಿದ್ದರೆ ಪಕ್ಕದಲ್ಲಿ ಕೂತವರ ಮಾತೂ ಕೇಳುವುದಿಲ್ಲ, ಇದು ಪೂರ್ತಿ ಮಾತಿನ ಕೆಲಸ, ಹೆಂಚಿನ ಮಾಡಿನ ಕೆಳಗೆ ಜಾಗ ಮಾಡಿಕೊಡಿ ಎಂದರು. ಊಟ ಚಪ್ಪರದಲ್ಲಿ, ಕೂಟ ಜಗುಲಿಯಲ್ಲಿ ಎಂದಾಯಿತು. ಕಂಬಗಳ ನಡುವೆ ಜಮಖಾನ ಹಾಸಿ ಮಧ್ಯಕ್ಕೆ ಭಾಗವತರು, ಅವರ ಬದಿಗೆ ಮದ್ದಳೆ, ಎಡಬಲಕ್ಕೆ ಅರ್ಥ ಹೇಳುವ ಅರ್ಥಧಾರಿಗಳು. ಚಂಡೆಯವರನ್ನು ಮಾತ್ರ ಅಡಿಕೆ ಒಣಗಿಸುವ ಕೋಣೆಯ ಬಾಗಿಲಿಗೆ ತಳ್ಳಿದೆವು, ಹತ್ತಿರವಿದ್ದರೆ ಜಗುಲಿಯೇ ಅದುರುತ್ತಿತ್ತು. ಎರಡು ಮೈಕು ಸಾಕಾದವು.

ಗೊತ್ತಿಲ್ಲದವರಿಗೆ ಕ್ರಮ ಹೇಳುತ್ತೇನೆ. ಭಾಗವತರು ಪ್ರಸಂಗದ ಒಂದು ಪದ್ಯ ಹಾಡುತ್ತಾರೆ. ಪದ್ಯ ನಾಲ್ಕಾರು ಸಾಲಿನದು. ಅದು ಮುಗಿದ ಕೂಡಲೇ ಆ ಪಾತ್ರದವರು ಮಾತಿಗೆ ತೊಡಗುತ್ತಾರೆ. ಇದೇ ಅರ್ಥ. ಬರೆದುಕೊಟ್ಟ ಮಾತಲ್ಲ, ಬಾಯಿಪಾಠವಲ್ಲ. ವಾಲಿಯ ಪದ್ಯವಾದರೆ ಅವರು "ನಾನು" ಎಂದೇ ಆಡಬೇಕು. ಎದುರಿನವರು ಏನು ಕೇಳುತ್ತಾರೆಂದು ಇವರಿಗೆ ಗೊತ್ತಿರುವುದಿಲ್ಲ, ಆದರೂ ವಾಲಿಯಾಗಿಯೇ ಉತ್ತರ ಕೊಡಬೇಕು. ಕಥೆ ಎಲ್ಲಿಗೆ ಮುಟ್ಟುತ್ತದೆಂದು ನಮಗೆಲ್ಲ ಗೊತ್ತು. ಮುಟ್ಟುವ ದಾರಿ ಮಾತ್ರ ಆ ಸಂಜೆಯದು.

ವಾಲಿ ಮಾಡಿದವರಿಗೆ ಅರವತ್ತರ ಆಸುಪಾಸು, ತೆಳ್ಳನೆಯ ದೇಹ, ಕಿವಿಯ ಮೇಲೆ ಬಿಳಿಕೂದಲು. ವಾಲಿ ಎಂದರೆ ಆನೆಯಂಥ ಮೈ ಎಂದುಕೊಂಡಿದ್ದ ನಮ್ಮ ಓರಗಿತ್ತಿಯ ಮಗ "ಇವರಾ?" ಎಂದು ಜೋರಾಗಿಯೇ ಕೇಳಿಬಿಟ್ಟ. ಅವರಿಗೂ ಕೇಳಿಸಿತು. ಪೀಠಿಕೆಯಲ್ಲಿ ನಾಲ್ಕು ಸಮುದ್ರಗಳ ಮಾತು ಬಂತು. ಸೂರ್ಯ ಹುಟ್ಟುವ ಮೊದಲೇ ನಾಲ್ಕಕ್ಕೂ ಹೋಗಿ ಬರುವವನು, ಹತ್ತು ತಲೆಯವನನ್ನು ಕಂಕುಳಲ್ಲಿ ಇರುಕಿಕೊಂಡು ಸಂಧ್ಯೆ ಮುಗಿಸಿದವನು, ಇಂದ್ರ ಕೊಟ್ಟ ಚಿನ್ನದ ಮಾಲೆಯವನು. ಇದೆಲ್ಲ ಚೆನ್ನಾಗಿತ್ತು, ಆದರೆ ಯಾರು ವಾಲಿ ಮಾಡಿದರೂ ಹೇಳುವ ಮಾತು ಇದು ಎಂದು ಮಾವನವರ ಮುಖ ಹೇಳುತ್ತಿತ್ತು.

ಆಮೇಲೆ ಬಿಲದ ಕಥೆ ಬಂತು. ನಾನು ನೆಟ್ಟಗೆ ಕೂತದ್ದು ಅಲ್ಲಿಂದ.

ಮಾಯಾವಿ ಎಂಬ ರಕ್ಕಸ ನಡುರಾತ್ರಿ ಕಾಳಗಕ್ಕೆ ಕರೆದು ಓಡಿದ್ದು, ಅಣ್ಣ ತಮ್ಮ ಬೆನ್ನಟ್ಟಿದ್ದು, ವಾಲಿ ಬಿಲದೊಳಗೆ ನುಗ್ಗಿದ್ದು, ಸುಗ್ರೀವ ಬಾಗಿಲಲ್ಲಿ ಕಾದದ್ದು, ನೊರೆರಕ್ತ ಹರಿದುಬಂದಾಗ ಅಣ್ಣ ಸತ್ತನೆಂದು ಬಂಡೆ ಮುಚ್ಚಿ ಊರಿಗೆ ಮರಳಿದ್ದು, ಇವೆಲ್ಲ ನಮಗೆ ಗೊತ್ತು. ಆದರೆ ನಮಗೆ ಹೇಳಿದವರು ಯಾರು? ವಾಲ್ಮೀಕಿ ರಾಮಾಯಣದಲ್ಲಿ ಈ ಕಥೆಯನ್ನು ರಾಮನಿಗೆ ಹೇಳುವವನು ಸುಗ್ರೀವ. ಅಂದರೆ ಬಿಲದ ಹೊರಗೆ ನಿಂತವನು ಹೇಳಿದ್ದನ್ನೇ ನಾವು ಇಷ್ಟು ಕಾಲವೂ ಕೇಳಿಕೊಂಡು ಬಂದಿದ್ದೇವೆ. ನಮ್ಮ ಜಗುಲಿಯಲ್ಲಿ ಕೂತವರು ಒಳಗಿನಿಂದ ಹೇಳಿದರು. ಮಗ ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ್ದರಿಂದ ಅವರ ಮಾತನ್ನು ಹೆಚ್ಚುಕಡಿಮೆ ಹಾಗೆಯೇ ಕೊಡಬಲ್ಲೆ:

"ಬಾಗಿಲಲ್ಲಿ ತಮ್ಮನಿದ್ದಾನೆ. ಅಷ್ಟು ಧೈರ್ಯ ಸಾಕಿತ್ತು ನನಗೆ, ಕತ್ತಲೆಗೆ ಇಳಿದೆ. ಅಲ್ಲಿ ಹಗಲಿಲ್ಲ, ರಾತ್ರಿಯಿಲ್ಲ. ಎಷ್ಟು ಕಾಲವಾಯಿತೆಂದು ನನಗೆ ಹೇಗೆ ತಿಳಿಯಬೇಕು? ಹೊರಗೆ ಬಂದ ಮೇಲೆ ಜನ ಹೇಳಿದರು, ಒಂದು ವರ್ಷವಂತೆ. ರಕ್ಕಸ ಸತ್ತ. ಬಂದ ದಾರಿಯಲ್ಲಿ ಹಿಂದಿರುಗಿದೆ. ಬೆಳಕು ಇರಬೇಕಾದಲ್ಲಿ ಬಂಡೆ. ಸುಗ್ರೀವಾ ಎಂದೆ. ಮೊದಲ ಸಲ ಕರೆದದ್ದು ಬಂಡೆ ಸರಿಸಲಿ ಎಂದು. ಎರಡನೆಯ ಸಲ ಕರೆದದ್ದು ಅವನಿಗೇನಾಯಿತೋ ಎಂಬ ಹೆದರಿಕೆಯಿಂದ. ಮೂರನೆಯ ಸಲ ಕರೆಯುವಾಗ ನನಗೆ ಗೊತ್ತಾಗಿತ್ತು."

ಮೂರನೆಯ "ಸುಗ್ರೀವಾ" ಅವರು ಕೂಗಲೇ ಇಲ್ಲ. ತುಟಿ ಮಾತ್ರ ಆಡಿತು. ಮದ್ದಳೆಯವರು ಕೈ ಎತ್ತಿದ್ದವರು ಹಾಗೇ ಇಳಿಸಿದರು. ಅವರಿಗೂ ಇದು ಹೊಸದಿರಬೇಕು.

ಇಡೀ ಬಿಲದ ಕಥೆಯಲ್ಲಿ ಅವರು ರಕ್ತ ಹರಿದ ಮಾತೇ ಎತ್ತಲಿಲ್ಲ ಎಂದು ನಾನು ಗಮನಿಸಿದ್ದೆ. ಮರೆತರೇನೋ ಎಂದುಕೊಂಡೆ. ಕಾಳಗದ ಪದ್ಯಕ್ಕೆ ಮುಂಚೆ ಸುಗ್ರೀವ ಮಾಡಿದ ಹುಡುಗ, ಅವನು ಇನ್ನೂ ಕಲಿಯುತ್ತಿರುವವನು, "ಅಣ್ಣಾ, ಬಿಲದ ಬಾಯಲ್ಲಿ ರಕ್ತ ಕಂಡೆ, ಅದಕ್ಕೇ ಮುಚ್ಚಿದೆ" ಎಂದ. ವಾಲಿ ತಟ್ಟನೆ ಅವನ ಕಡೆ ತಿರುಗಿ, "ರಕ್ತವೇ? ನನಗಿದು ಈಗ ತಿಳಿಯುತ್ತಿದೆ. ಯಾರ ರಕ್ತ ಎಂದು ಇಳಿದು ನೋಡಿದೆಯಾ?" ಎಂದರು. ಹುಡುಗನಿಗೆ ಬಾಯಿ ಕಟ್ಟಿತು. ಭಾಗವತರೇ ಮುಂದಿನ ಪದ್ಯ ಎತ್ತಿ ಅವನನ್ನು ಉಳಿಸಿದರು.

ಊಟದ ಹೊತ್ತಿಗೆ ಬಡಿಸುತ್ತ ಕೇಳಿದೆ, ರಕ್ತದ ಮಾತನ್ನು ಬೇಕೆಂದೇ ಬಿಟ್ಟಿರಾ ಎಂದು. "ಹೊರಗೆ ಹರಿದದ್ದು ಒಳಗಿದ್ದವನಿಗೆ ಹೇಗೆ ಕಾಣಬೇಕು ಅಮ್ಮ? ರಾಮ ಬಂದ ಸುದ್ದಿಯೂ ತಾರೆ ಹೇಳುವ ತನಕ ನನಗೆ ಗೊತ್ತಿರಬಾರದು" ಎಂದರು. ಕೈಯಲ್ಲಿ ಕೊಟ್ಟೆಕಡುಬು, ಬಾಯಲ್ಲಿ ಇನ್ನೂ "ನನಗೆ". ನಾನು ಕೊಟ್ಟ ದುಡ್ಡು ಈ ಒಂದು ಲೆಕ್ಕಾಚಾರಕ್ಕೇ ಸಂದಿತು ಎಂದು ನನ್ನ ಅಭಿಪ್ರಾಯ. ಕಥೆಯಲ್ಲಿ ಮುಂದೇನಾಗುತ್ತದೆಂದು ಊರಿಗೆಲ್ಲ ಗೊತ್ತಿದ್ದರೂ ತನಗೆ ಗೊತ್ತಿಲ್ಲದವನ ಹಾಗೆ ಕೂರುವುದು ಸಣ್ಣ ಕೆಲಸವಲ್ಲ.

ತಾರೆಯ ಪಾಲು ಚಿಕ್ಕದು, ಮೇಷ್ಟ್ರು ಅದನ್ನು ಹೆಣ್ಣುದನಿ ಮಾಡದೆ ತಮ್ಮ ದನಿಯಲ್ಲೇ ಹೇಳಿದರು. ಒಳ್ಳೆಯದಾಯಿತು. ಬೆಳಿಗ್ಗೆ ಒದೆ ತಿಂದು ಓಡಿದವನು ಇಷ್ಟು ಬೇಗ ಮತ್ತೆ ಬಂದು ಗರ್ಜಿಸುತ್ತಾನೆಂದರೆ ಬೆನ್ನಿಗೆ ಯಾರೋ ಇದ್ದಾರೆ, ಅಂಗದ ಗೂಢಚಾರರಿಂದ ಕೇಳಿ ತಂದ ಸುದ್ದಿ ಇದು ಎಂದು ತಾರೆ ಬಿಡಿಸಿ ಹೇಳುವಾಗ ನಮ್ಮ ಅತ್ತೆ ಮಾವನವರ ಕಡೆ ನೋಡಿದ ನೋಟವಿದೆಯಲ್ಲ, ಹೆಂಡತಿ ಮಾತು ಕೇಳದ ಗಂಡಸರ ಪಟ್ಟಿಯನ್ನೇ ಅದು ಓದಿ ಹೇಳಿತು.

ಇನ್ನು ರಾಮ. ಪದವೀಧರರು, ಶಾಸ್ತ್ರ ಓದಿದವರು, ಸ್ವರ ಗಂಭೀರ. ಬಾಣ ನಾಟಿದ ಮೇಲೆ ವಾಲಿ ಬಿದ್ದಲ್ಲಿಂದಲೇ ಕೇಳುವ ಪ್ರಶ್ನೆಗಳು ಹರಿತವಾದವು. ನಿನಗೂ ನನಗೂ ಏನು ಹಗೆ? ನಿನ್ನ ನಾಡಿಗೆ ನಾನು ಬಂದೆನೇ? ಹೆಂಡತಿ ಬೇಕಿದ್ದರೆ ನನ್ನನ್ನು ಕೇಳಿದ್ದರೆ ಒಂದೇ ದಿನದಲ್ಲಿ ತಂದೊಪ್ಪಿಸುತ್ತಿರಲಿಲ್ಲವೇ? ಐದು ಉಗುರಿನ ಪ್ರಾಣಿಗಳಲ್ಲಿ ತಿನ್ನಲು ಸಲ್ಲುವವು ಐದೇ, ಉಡ, ಮೊಲ, ಆಮೆ, ಮುಳ್ಳುಹಂದಿಯ ಜಾತಿಯವು. ಕೋತಿ ಆ ಪಟ್ಟಿಯಲ್ಲಿಲ್ಲ, ನನ್ನ ಚರ್ಮ ಮಾಂಸ ನಿನಗೆ ಯಾವುದಕ್ಕೆ? ಹಿಂದೆ ಶಿಕಾರಿ ಮಾಡುತ್ತಿದ್ದ ನೆಂಟರ ಪೈಕಿ ಅಜ್ಜಯ್ಯ ಒಬ್ಬರು ಆ ಪಟ್ಟಿಗೆ ತಲೆದೂಗಿದರು. ಮಂಗನ ಕಾಟಕ್ಕೆ ವರ್ಷವಿಡೀ ಗರ್ನಾಲು ಹೊಡೆಯುವ, ಮಂಗನ ಕಾಯಿಲೆ ಎಂದರೆ ಬೆಚ್ಚಿಬೀಳುವ ತೋಟದ ಜನ ಆ ಹೊತ್ತಿನಲ್ಲಿ ಒಂದು ಕೋತಿಯ ಕಡೆ ವಾಲಿದ್ದರು.

ರಾಮನ ಉತ್ತರಕ್ಕೆ ಬೇಕಾದ ಸಾಮಗ್ರಿ ಮೂಲದಲ್ಲೇ ಇದೆ. ಈ ಭೂಮಿ ಇಕ್ಷ್ವಾಕುಗಳದು, ಭರತನ ಆಳ್ವಿಕೆಯಲ್ಲಿ ತಪ್ಪಿತಸ್ಥನನ್ನು ದಂಡಿಸುವ ಹೊಣೆ ನನ್ನದು, ಬದುಕಿರುವ ತಮ್ಮನ ಹೆಂಡತಿ ರುಮೆಯನ್ನು ನೀನು ಇಟ್ಟುಕೊಂಡೆ. ಅವರು ಇದನ್ನು ರಾಮನಾಗಿ ಹೇಳಲಿಲ್ಲ, ರಾಮನ ವಕೀಲರಾಗಿ ಹೇಳಿದರು. "ಶ್ರೀರಾಮಚಂದ್ರನ ಈ ನಡೆಯನ್ನು ನಾವು ಹೇಗೆ ಅರಿಯಬೇಕೆಂದರೆ" ಎಂದು ಶುರುಮಾಡಿದರು. ಸಭೆಗೆ ಮುಖ ಮಾಡಿ ಪ್ರವಚನ. ಇದಿರಿಗೆ ಒಬ್ಬ ಬಾಣ ನಾಟಿಸಿಕೊಂಡು ಬಿದ್ದಿದ್ದಾನೆ ಎಂಬುದೇ ಮರೆತುಹೋಯಿತು. ಹರಿಕಥೆಯಲ್ಲಾದರೆ ಇದು ಸಲ್ಲುತ್ತದೆ, ದಾಸರು ಹೊರಗೂ ಇರುತ್ತಾರೆ ಒಳಗೂ ಇರುತ್ತಾರೆ. ಇಲ್ಲಿ ಹಾಗಲ್ಲ. ಕೊನೆಗೆ "ವಾಲ್ಮೀಕಿ ಮಹರ್ಷಿಗಳು ಹೇಳುವಂತೆ" ಎಂದುಬಿಟ್ಟರು.

ವಾಲಿ ಕಣ್ಣು ತೆರೆದರು. "ಯಾರು ಆ ಋಷಿ? ಕಿಷ್ಕಿಂಧೆಯ ಸುತ್ತ ನನಗೆ ಗೊತ್ತಿರುವವರು ಮತಂಗರೊಬ್ಬರೇ, ಅವರು ಶಾಪ ಕೊಟ್ಟವರು. ಇವರು ಯಾವಾಗ ಬಂದರು?"

ಜಗುಲಿ ನಕ್ಕ ನಗುವಿಗೆ ಮಳೆಯ ಸದ್ದು ಮುಚ್ಚಿಹೋಯಿತು. ರಾಮನಿಗೂ ನಾನು ಅನ್ಯಾಯ ಮಾಡಬಾರದು. ಒಂದು ಗಳಿಗೆ ತಡೆದು, "ಮುಂದೆ ಬರುತ್ತಾರೆ. ಅವರ ಮಾತು ಕೇಳಲು ನಿನಗೆ ಹೊತ್ತು ಉಳಿದಿಲ್ಲವೆಂದು ಈಗಲೇ ತಿಳಿಸಿದೆ" ಎಂದರು. ಆ ಒಂದು ಉತ್ತರದಲ್ಲಿ ಅವರು ರಾಮನೇ ಆಗಿದ್ದರು, ಕಟುವಾದ, ಸೋಲದ ರಾಮ. ಉಳಿದ ಅರ್ಧಗಂಟೆಯೂ ಹಾಗೇ ಇದ್ದಿದ್ದರೆ ಈ ತಕರಾರು ಬರೆಯುವ ಕೆಲಸವಿರಲಿಲ್ಲ.

ವಾಲಿ ಮಾಡಿದವರದೂ ಎಲ್ಲ ಸರಿಯೆಂದು ಹೇಳಲಾರೆ. ರುಮೆಯ ಮಾತು ಬಂದಾಗ ಅವರು ಜಾರಿಕೊಂಡರು. "ನಮ್ಮ ಕುಲದ ನಡವಳಿಕೆ ನಿಮ್ಮ ಕುಲದವರಿಗೆ ತಿಳಿಯದು" ಎಂದು ಒಂದೇ ಮಾತಿನಲ್ಲಿ ದಾಟಿ ಅಂಗದನನ್ನು ಒಪ್ಪಿಸುವ ಕರುಣೆಯ ಭಾಗಕ್ಕೆ ಹೋದರು. ಬಿಲದ ಕತ್ತಲೆಯಲ್ಲಿ ಅಷ್ಟು ಹೊತ್ತು ನಿಂತವರು ಇಲ್ಲಿ ನಿಲ್ಲಲಿಲ್ಲ. ಅಣ್ಣತಮ್ಮಂದಿರ ಜಗಳದಲ್ಲಿ ಆ ಮನೆಯಿಂದ ಈ ಮನೆಗೆ ಹೋಗಿ ಬಂದವಳು ಏನಂದುಕೊಂಡಳು? ನಾನು ಭಾಗವತರನ್ನು ಕೇಳಿದೆ, ರುಮೆಯ ಪಾತ್ರ ಮಾಡಿಸಲು ಆಗುವುದಿಲ್ಲವೇ ಎಂದು. ತಾವು ಹಾಡುವ ಪ್ರತಿಯಲ್ಲಿ ರುಮೆಗೆ ಪದ್ಯವಿಲ್ಲ, ಪದ್ಯವಿಲ್ಲದೆ ಅರ್ಥವಿಲ್ಲ ಎಂದರು. ಸ್ವಲ್ಪ ಯೋಚಿಸಿ, "ಯಾರಾದರೂ ನಾಲ್ಕು ಪದ್ಯ ಬರೆದುಕೊಟ್ಟರೆ ಹಾಡ್ತೇನೆ" ಎಂದೂ ಸೇರಿಸಿದರು. ಮೇಷ್ಟ್ರು ಪಕ್ಕದಲ್ಲೇ ಕೂತು ಕವಳ ಹಾಕುತ್ತಿದ್ದವರು ಏನೂ ಹೇಳಲಿಲ್ಲ, ಆದರೆ ಕೇಳಿಸಿಕೊಂಡರು.

ಹೊತ್ತಿನ ವಿಷಯ. ಮೂರು ಗಂಟೆ ಎಂದು ಮಾತಾಗಿತ್ತು, ನಾಲ್ಕು ದಾಟಿತು. ಕೊನೆಯ ಬಸ್ಸಿಗೆ ಹೊರಟಿದ್ದ ಬಾಳೆಹೊನ್ನೂರಿನ ನೆಂಟರು ನಮ್ಮಲ್ಲೇ ಮಲಗಿದರು. ಮಂಗಳ ಇಷ್ಟು ಗಂಟೆಗೆ ಎಂದು ಭಾಗವತರ ಹತ್ತಿರ ಗಟ್ಟಿಯಾಗಿ ಹೇಳಿಟ್ಟುಕೊಳ್ಳಿ, ನಿಲ್ಲಿಸುವ ಅಧಿಕಾರ ಇರುವುದು ಅವರೊಬ್ಬರಿಗೇ. ಪದ್ಯ ಎತ್ತಿದರೆ ಎಂಥ ಅರ್ಥಧಾರಿಯೂ ಸುಮ್ಮನಾಗಬೇಕು. ಸಣ್ಣ ಮಕ್ಕಳು ಮೊದಲ ಗಂಟೆಯಲ್ಲೇ ನಿದ್ದೆಹೋದವು. ಹೈಸ್ಕೂಲಿನ ಮಕ್ಕಳು ಮಾತ್ರ ಕದಲಲಿಲ್ಲ, ವಾದ ಅವರಿಗೆ ರುಚಿಸಿತು. ಕರೆಂಟು ಒಮ್ಮೆ ಹೋಯಿತು. ಮೈಕಿಲ್ಲದೆಯೂ ವಾಲಿಯ ದನಿ ಹಿಂದಿನ ಕಂಬದವರೆಗೆ ಬಂತು, ರಾಮನದು ಬರಲಿಲ್ಲ. ಬ್ಯಾಟರಿಯ ವ್ಯವಸ್ಥೆ ಇರಲಿ.

ಕಲಾವಿದರು ಶುರುವಿಗೆ ಮುಂಚೆ ಹೊಟ್ಟೆ ತುಂಬ ಉಣ್ಣುವುದಿಲ್ಲ. ಕಷಾಯ, ಹಲಸಿನ ಹಪ್ಪಳ, ಬಿಸಿನೀರು ಅಷ್ಟೇ. ಊಟವೇನಿದ್ದರೂ ಕೂಟ ಮುಗಿದ ಮೇಲೆ, ಅದೂ ಬಿಸಿಯಾಗಿ. ನಮ್ಮಲ್ಲಿ ಕೊಟ್ಟೆಕಡುಬು, ಕಳಲೆ ಪಲ್ಯ ಮಾಡಿಸಿದ್ದೆವು, ಎರಡೂ ಮಿಗಲಿಲ್ಲ. ಸಂಭಾವನೆ ಜೀಪಿನ ಬಾಡಿಗೆ ಸೇರಿ ₹24,000 ಆಯಿತು. ಭಾಗವತರ ಕೈಗೇ ಕೊಡುವುದು ಕ್ರಮ, ಹಂಚಿಕೊಳ್ಳುವುದು ಅವರಿಗೆ ಬಿಟ್ಟದ್ದು. ಬಿಲ್ಲು, ರಸೀದಿ ಇಲ್ಲ. ಎಲೆಅಡಿಕೆ, ತೆಂಗಿನಕಾಯಿ, ಶಾಲು ಪ್ರತಿಯೊಬ್ಬರಿಗೂ ಬೇರೆ ಇಡಬೇಕು. ಸುಗ್ರೀವನ ಹುಡುಗನಿಗೂ.

ಮಾವನವರ ತೀರ್ಪು: ಶೇಣಿಯವರ ಮಟ್ಟಕ್ಕೆ ಇಲ್ಲ, ಆದರೆ ಬಿಲದ ಭಾಗ ತಾವು ಹಿಂದೆ ಕೇಳಿದ್ದಲ್ಲ. ಇದಕ್ಕಿಂತ ದೊಡ್ಡ ಹೊಗಳಿಕೆ ಅವರ ಬಾಯಿಂದ ಬರುವುದಿಲ್ಲ.

ಕರೆಸುವವರು ಪ್ರಸಂಗಕ್ಕಿಂತ ಮೊದಲು ಜನರನ್ನು ಕೇಳಿ. ಯಾರು ಯಾವ ಪಾತ್ರ ಎಂದು ಭಾಗವತರು ಮುಂಚೆಯೇ ಹೇಳುತ್ತಾರೆ. ಈ ವಾಲಿಯವರು ಬೇಕಿದ್ದರೆ ತಿಂಗಳ ಮೊದಲೇ ಹೇಳಿಡಬೇಕು, ಅಡಿಕೆ ಕೊಯ್ಲು ಶುರುವಾದ ಮೇಲೆ ಅವರು ತೋಟ ಬಿಟ್ಟು ಎಲ್ಲಿಗೂ ಬರುವುದಿಲ್ಲ.